ಎದೆಗೆ ಕೈಯಿಟ್ಟು ಹೇಳುವ ಮಾತು

ಮೂರನೆಯ ಸಲ ಮಗ್ಗವನ್ನು ಬಿಚ್ಚಿ, ಮೂರನೆಯ ಸಲ ಜೋಡಿಸಿ, ಮೆಕ್ಯಾನಿಕ್ ಕೈ ಒರೆಸಿಕೊಂಡು ಎದ್ದು ನಿಂತ. ಮಗ್ಗದಲ್ಲಿ ಯಾವ ದೋಷವೂ ಇರಲಿಲ್ಲ. ಅವನನ್ನು ಹೆದರಿಸಿದ್ದು ಅದೇ. ಮಗ್ಗದಲ್ಲಿ ದೋಷವಿಲ್ಲವೆಂದರೆ ಅದು ನೇಯುವವಳಲ್ಲಿರಬೇಕು. ನೇಯುವವಳು ಅವನ ಅಕ್ಕ.

ಸೂಪರ್‌ವೈಸರ್ ತಪಾಸಣೆಯ ಮೇಜಿನ ಮೇಲೆ ಬಟ್ಟೆಯನ್ನು ಹರಡಿ, ಬೆಳಕಿಗೆ ಹಿಡಿದು ತೋರಿಸಿದ. ನಡುವೆ ಉದ್ದಕ್ಕೂ ಒಂದು ಗೀರು, ತಲೆ ಬಾಚಿ ಬೈತಲೆ ತೆಗೆದಂತೆ.

"ನೋಡಪ್ಪಾ, ಎಳೆ ಕಡಿದು ಒಂದು ಗಜ ಹೋದ್ಮೇಲೆ ಮಗ್ಗ ನಿಲ್ಸಿದ್ದಾರೆ ನಿಮ್ಮಕ್ಕ. ಇಪ್ಪತ್ತೆರಡು ವರ್ಷದಲ್ಲಿ ಅವರ ಬಟ್ಟೇಲಿ ನಾನು ಒಂದು ತಪ್ಪು ಕಂಡಿರ್ಲಿಲ್ಲ. ಈಚೆಗೆ ಶುರುವಾಗಿ ಹೆಚ್ತಾ ಬಂತು, ಈ ತಿಂಗಳು ಇದು ಏಳನೇದು."

"ಮಗ್ಗದ್ದೇ ಏನೋ ಇರ್ಬೇಕು ಸರ್. ಇನ್ನೊಂದ್ಸಲ ನೋಡ್ತೀನಿ."

"ಶನಿವಾರದವರೆಗೂ ನೋಡು. ಆಮೇಲೆ ನನ್ನ ಕೈಲಿಲ್ಲ. ಮಡಿಸೋ ಕೋಣೆಗೆ ಕಳಿಸ್ಬೇಕಾಗುತ್ತೆ."

ಮಡಿಸುವ ಕೋಣೆ ಶೆಡ್ಡಿನ ಹಿಂಬದಿಗಿತ್ತು. ಒಂದು ಉದ್ದ ಮೇಜು, ಒಂದು ಸ್ಟೂಲು, ಎತ್ತರದಲ್ಲೊಂದು ಗವಾಕ್ಷಿ. ನೇಯ್ದು ಬಂದ ಬಟ್ಟೆಯನ್ನು ಅಲ್ಲಿ ಒಬ್ಬರೇ ಕುಳಿತು ಮಡಿಸಬೇಕು. ಅಕ್ಕನನ್ನು ಆ ಕೋಣೆಯಲ್ಲಿ ಕೂರಿಸುವುದೆಂದರೆ ಮದುವೆಮನೆಗೆ ಬೀಗ ಜಡಿದಂತೆ.

ಏಕೆಂದರೆ ಶೆಡ್ಡಿನಲ್ಲಿ ಅವಳ ಹೆಸರೇ ರೇಡಿಯೋ. ನಲವತ್ತು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದ ಕಾಲದಲ್ಲಿ, ಪಕ್ಕದವರು ಕಿವಿಯೊಳಗೆ ಬಾಯಿಟ್ಟು ಕೂಗಿದರೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಹಾಗಾಗಿ ಅಲ್ಲಿನ ಹೆಂಗಸರು ತಮ್ಮದೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಅರ್ಧ ತುಟಿಯಲ್ಲಿ, ಅರ್ಧ ಕೈಯಲ್ಲಿ. ಮೂಗಿನ ಕೆಳಗೆ ಬೆರಳಾಡಿಸಿದರೆ ಸೂಪರ್‌ವೈಸರ್ ಬರುತ್ತಿದ್ದಾನೆಂದು ಅರ್ಥ. ಮೊಣಕೈ ತಿವಿದು ಕಣ್ಣರಳಿಸಿದರೆ ಯಾರದೋ ಮನೆಯಲ್ಲಿ ಜಗಳ. ಒಂದು ಮೂಲೆಯ ಸುದ್ದಿಯನ್ನು, ಅದಕ್ಕೆ ಒಗ್ಗರಣೆ ಹಾಕಿ, ಇನ್ನೊಂದು ಮೂಲೆಗೆ ಮುಟ್ಟಿಸುವುದರಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ಅವಳ ಕೈ ಮೇಲೆದ್ದಿತೆಂದರೆ ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಹೇಳಿದ್ದು ತಿಳಿಯಿತೆಂದು ತೋರಿಸಲು ಅಲ್ಲಿ ಯಾರೂ ಕಿವಿ ಮುಟ್ಟುತ್ತಿರಲಿಲ್ಲ. ಅಂಗೈಯನ್ನು ಎದೆಗೆ ಒತ್ತುತ್ತಿದ್ದರು. ಅದರ ಅರ್ಥ 'ಕೇಳಿಸ್ತು'.

ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅಕ್ಕನೇ ಅವನನ್ನು ಸಾಕಿದ್ದು. ಕೆಲಸ ಮುಗಿಸಿ ಬಂದ ಅವಳ ಕಿವಿಯಲ್ಲಿ ಗುಂಯ್‌ ಎನ್ನುವ ಸದ್ದು ಮಲಗುವವರೆಗೂ ಇರುತ್ತಿದ್ದುದರಿಂದ ಅವರ ಮನೆಯ ಮಾತೂ ಎದುರುಬದುರು ನಿಂತು, ಕೈಯಲ್ಲೇ ಮುಗಿಯುತ್ತಿತ್ತು. "ಕೇಳಿಸ್ತಾ ಅಕ್ಕಾ?" ಎಂದು ಅವನು, ಎದೆಗೆ ಕೈಯಿಟ್ಟು "ಕೇಳಿಸ್ತು" ಎಂದು ಅವಳು.

ಅವಳ ಕಿವಿ ಮಂದವಾಗುತ್ತಿದೆಯೆಂಬ ಅನುಮಾನ ಅವನಿಗೆ ಬಂದದ್ದು ಎಂಟು ವರ್ಷಗಳ ಹಿಂದೆ. ಅಂದೇ ಅವನು ಹಟ ತೊಟ್ಟ. ಉಳಿದಷ್ಟನ್ನಾದರೂ ಉಳಿಸಬೇಕು. ಒತ್ತಿದ ಉಣ್ಣೆ, ರಬ್ಬರು, ಬಿರಡೆ ಮಾಡುವ ಮರದ ತೊಗಟೆ, ಒಂದರ ಮೇಲೊಂದು ಪೇರಿಸಿ ಮಗ್ಗದ ಕಾಲಿನಡಿ ಇಡುವ ದಿಂಬುಗಳನ್ನು ಮಾಡಿದ. ಅವು ಹರಿದುಹೋದವು. ಮತ್ತೆ ಮಾಡಿದ. ಲಾಳಿ ಬಡಿಯುವಲ್ಲಿ ಚರ್ಮದ ಮೆತ್ತೆ ಕೂರಿಸಿದ, ಮರದ ನೆಲಕ್ಕೆ ರಬ್ಬರು ಹಾಸಿದ. ಎಲ್ಲ ಒಂದು ಹದಕ್ಕೆ ಬರಲು ಏಳೂವರೆ ವರ್ಷ ಹಿಡಿಯಿತು. ಆರು ತಿಂಗಳ ಹಿಂದೆ, ಒಂದು ಸೋಮವಾರ ಬೆಳಿಗ್ಗೆ, ನಲವತ್ತು ಮಗ್ಗಗಳು ಓಡತೊಡಗಿದವು. ಶೆಡ್ಡಿನಲ್ಲಿ ಕೇಳಿಸಿದ್ದು ಹುರಿಯುವ ಬಾಣಲೆಯಷ್ಟು ಸದ್ದು.

ಎದುರು ಮಗ್ಗದ ಗುಬ್ಬಿ, ಅಕ್ಕನ ಇಪ್ಪತ್ತು ವರ್ಷದ ಗೆಳತಿ, ತನ್ನ ಬಳೆಯ ಸದ್ದು ತನಗೇ ಕೇಳಿಸಿತೆಂದು ಅತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು, ಉಳಿದವರಿಗಿಂತ ಒಂದು ಗಳಿಗೆ ತಡವಾಗಿ, ಅವರ ಕೈಗಳನ್ನು ನೋಡಿ. ಸಂತೋಷಕ್ಕೆ ಅವಳ ಕೈ ಕಾಲು ಆಡಲಿಲ್ಲವೆಂದು ಅವನು ಅಂದುಕೊಂಡಿದ್ದ.

ಈಗ ಆರು ತಿಂಗಳಾದ ಮೇಲೆ, ಶುಕ್ರವಾರ ಬೆಳಿಗ್ಗೆ, ಅವನು ನಾಲ್ಕನೆಯ ಸಲ ಅಕ್ಕನ ಮಗ್ಗದ ಹಿಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಮುಂದಿನ ಸಾಲಿನಲ್ಲಿ ಗುಬ್ಬಿ ಹಾಡುತ್ತಿದ್ದಳು. ಸದ್ದು ಅಡಗಿದಂದಿನಿಂದ ಶೆಡ್ಡಿನಲ್ಲಿ ಹಾಡು ಹುಟ್ಟಿತ್ತು. ಒಬ್ಬಳು ಎತ್ತಿಕೊಟ್ಟರೆ ನಾಲ್ವರು ಸೇರುತ್ತಿದ್ದರು. ಮಾತೂ ಹಾಗೆಯೇ, ಈಗ ಯಾರೂ ತಲೆಯೆತ್ತಬೇಕಿರಲಿಲ್ಲ. ಕಣ್ಣು ಎಳೆಯ ಮೇಲೆ, ಮಾತು ಬೆನ್ನ ಹಿಂದಿನವಳೊಂದಿಗೆ. ಅಕ್ಕ ಮಾತ್ರ ಆಗಾಗ ತಲೆಯೆತ್ತಿ, ಯಾರಾದರೂ ನೋಡುತ್ತಾರೇನೋ ಎಂಬಂತೆ ಸುತ್ತ ಕಣ್ಣಾಡಿಸಿ, ಮತ್ತೆ ತಗ್ಗಿಸುತ್ತಿದ್ದಳು.

ಹಾಡು ನಿಲ್ಲಿಸಿದ ಗುಬ್ಬಿ ಅವನತ್ತ ಬಗ್ಗಿದಳು. "ಮಗ್ಗ ರಿಪೇರಿ ಇರ್ಲಿ, ನಿಮ್ಮಕ್ಕನ್ನ ರಿಪೇರಿ ಮಾಡಪ್ಪಾ. ಎಷ್ಟು ಮಾತಾಡ್ಸಿದ್ರೂ ತುಟಿ ಬಿಚ್ಚಲ್ಲ. ತಮ್ಮ ದೊಡ್ಡ ಮನುಷ್ಯ ಆದ ಅಂತ ಜಂಬಾನಾ?"

"ಛೆ, ಹಾಗೇನಿಲ್ಲ ಅಕ್ಕೋರೇ. ಸುಸ್ತಿರಬೇಕು."

"ಸುಸ್ತಂತೆ! ನಿನ್ನೆ ನನ್ನ ಮಗಳ ಗಂಡಿನ ವಿಷಯ ಎಲ್ಲಾ ಹೇಳ್ದೆ. ಒಂದು 'ಹೂಂ' ಅನ್ಬಾರ್ದಾ? ಗೋಡೆಗಾದ್ರೂ ಹೇಳಿದ್ರೆ ಮಾರ್ದನಿ ಬರೋದು."

ಅವನು ಉತ್ತರಿಸುವ ಮೊದಲೇ, ಎಣ್ಣೆ ಹತ್ತಿದ ಕೈಯಿಂದ ದೊಡ್ಡ ಸ್ಪ್ಯಾನರ್ ಜಾರಿತು. ಜಾರಿ, ಪಕ್ಕದಲ್ಲಿ ನಿಂತಿದ್ದ ಮಗ್ಗದ ಕಬ್ಬಿಣದ ಚೌಕಟ್ಟಿಗೆ ಬಡಿಯಿತು. ಠಣ್!

ಇಡೀ ಶೆಡ್ಡು ಬೆಚ್ಚಿಬಿತ್ತು. ಸಾಲುಸಾಲು ತಲೆಗಳು ಒಮ್ಮೆಲೇ ಅತ್ತ ತಿರುಗಿದವು. ಒಂದು ತಲೆ ತಿರುಗಲಿಲ್ಲ.

ಅವನಿಂದ ಮೂರು ಮೊಳ ದೂರದಲ್ಲಿ ಅಕ್ಕ, ರೆಪ್ಪೆಯನ್ನೂ ಅಲುಗಿಸದೆ, ನೇಯುತ್ತಲೇ ಇದ್ದಳು.

ಮೆಕ್ಯಾನಿಕ್ ಎದ್ದು ನಿಂತ. "ಅಕ್ಕಾ" ಎಂದ. ಸ್ವಲ್ಪ ಗಟ್ಟಿಯಾಗಿ, "ಅಕ್ಕಾ!" ಅವಳ ಬೆನ್ನು ಬೆನ್ನಾಗಿಯೇ ಉಳಿಯಿತು. ಆ ಕ್ಷಣದಲ್ಲೇ ಮಗ್ಗದ ಬಲತುದಿಯಲ್ಲಿ ಒಂದು ಎಳೆ ಕಡಿಯಿತು. ಬಡಿತದಲ್ಲಿ ಒಂದು ಸಣ್ಣ ಕುಂಟು ಸೇರಿಕೊಂಡಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಅಕ್ಕ ಎಡತುದಿಯನ್ನು ನೋಡುತ್ತಿದ್ದಳು. ಬರಿಗಾಲ ಬೆರಳುಗಳಿಂದ ರಬ್ಬರು ಹಾಸನ್ನು ಒತ್ತುತ್ತಿದ್ದಳು, ಕತ್ತಲಲ್ಲಿ ಚಪ್ಪಲಿ ಹುಡುಕುವವರಂತೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನು ಅವಳನ್ನು ಮೆಟ್ಟಿಲ ಬಳಿ ನಿಲ್ಲಿಸಿದ. ಎದುರಿಗೆ ನಿಂತು ಕೇಳಿದ:

"ಎಷ್ಟು ದಿನ ಆಯ್ತು?"

ಅವಳು ಅವನ ತುಟಿಯನ್ನೇ ನೋಡಿದಳು. ಸುಳ್ಳು ಹೇಳುವ ಯೋಚನೆ ಮುಖದಲ್ಲಿ ಹಾದುಹೋಯಿತು, ನಿಲ್ಲಲಿಲ್ಲ. "ಆರು ವರ್ಷ ಕಣೋ."

"ಪೂರ್ತಿನಾ?"

"ಪೂರ್ತಿ. ಡಾಕ್ಟರ್ ಕೂಡ ನೋಡಿದ್ರು. ಮೊದ್ಲೇ ಬರ್ಬೇಕಿತ್ತಮ್ಮಾ ಅಂದ್ರು, ಅಷ್ಟೇ."

"ದಿನಾ ಕೇಳ್ತಿದ್ನಲ್ಲಕ್ಕಾ! ಕೇಳಿಸ್ತಾ, ಕೇಳಿಸ್ತಾ ಅಂತ. ಕೇಳಿಸ್ತು ಅಂತಿದ್ದೆ!"

"ನಾನೇನು ಸುಳ್ಳು ಹೇಳಿದ್ನಾ?" ಅವಳು ಎದೆಗೆ ಅಂಗೈ ಒತ್ತಿದಳು. "ನೀನು ಎದುರಿಗೆ ನಿಂತು ಹೇಳ್ತಿದ್ದೆ. ಕೇಳಿಸ್ತಿತ್ತು."

ಶೆಡ್ಡಿನ ಒಂದು ಪದ ಅವನಿಗೆ ಆರು ವರ್ಷ ಮೋಸ ಮಾಡಿತ್ತು. ಆ ಪದದ ಅರ್ಥ ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು.

"ಆ ಸದ್ದಲ್ಲಿ ಎಲ್ರೂ ನನ್ ಥರಾನೇ ಇದ್ರು" ಎಂದಳು ಅಕ್ಕ. "ಯಾರು ಕಿವುಡಿ, ಯಾರು ಅಲ್ಲ, ಯಾರಿಗೆ ಗೊತ್ತಾಗ್ತಿತ್ತು? ಎಳೆ ಕಡಿದ್ರೆ ನೆಲ ಹೇಳ್ತಿತ್ತು. ಕಾಲಿಗೆ ತಿಳೀತಿತ್ತು. ಈಗ ನೆಲಾನೂ ಮಾತಾಡಲ್ಲ."

"ಮೊದ್ಲೇ ಹೇಳ್ಬಾರ್ದಿತ್ತಾ? ನಾನು ಈ ದಿಂಬುಗಳನ್ನ ಒಲೆಗೆ ಹಾಕ್ತಿದ್ದೆ!"

"ಅದಕ್ಕೇ ಹೇಳ್ಲಿಲ್ಲ, ಮಂಕೇ." ಅವಳು ನಕ್ಕಳು. "ಯಾರಿಗೂ ಹೇಳ್ಬೇಡ. ಗುಬ್ಬಿ ಬೈದ್ರೆ ಬೈಲಿ. ಅವಳು ಅಯ್ಯೋ ಪಾಪ ಅಂತ ನೋಡೋದು ನನಗೆ ಬೇಡ."

ಆ ಸಂಜೆ ಎಲ್ಲರೂ ಹೊರಟ ಮೇಲೆ ಅವನು ಅಕ್ಕ ಒಟ್ಟಿಗೆ ನಡೆಸುತ್ತಿದ್ದ ಅಕ್ಕಪಕ್ಕದ ಎರಡು ಮಗ್ಗಗಳ ಕೆಳಗಿನ ಎಂಟು ದಿಂಬುಗಳನ್ನೂ ಎಳೆದು ತೆಗೆದ. ಲಾಳಿಯ ಮೆತ್ತೆ ಬಿಚ್ಚಿದ, ಅವಳು ನಿಲ್ಲುವಷ್ಟು ಜಾಗದ ರಬ್ಬರನ್ನು ಕತ್ತರಿಸಿದ. ಎಳ್ಳಷ್ಟೂ ಅಳುಕಲಿಲ್ಲ.

ಶನಿವಾರ ಬೆಳಿಗ್ಗೆ ಅಕ್ಕ ಗುಂಡಿ ಒತ್ತಿದಳು. ಧಡ್ ಧಡ್ ಧಡ್ ಎಂದು ಹಳೆಯ ಸದ್ದು ಎದ್ದಿತು. ಅವಳ ಪಾದ ಮೊದಲು ಅರಿಯಿತು, ಆಮೇಲೆ ಮುಖ. ತಿರುಗಿ, ಕಂಬದ ಮರೆಯಲ್ಲಿದ್ದ ತಮ್ಮನನ್ನು ಹುಡುಕಿ, ಕಣ್ಣಲ್ಲೇ ಬೈದಳು. ಆ ಹೊತ್ತಿನಲ್ಲಿ ಎರಡು ಎಳೆ ಕಡಿದವು. ಎರಡನ್ನೂ ಚಿಟಿಕೆ ಹೊಡೆಯುವಷ್ಟರಲ್ಲಿ ಹಿಡಿದಳು. ಸೂಪರ್‌ವೈಸರ್ ಬಟ್ಟೆಯನ್ನು ಬೆಳಕಿಗೆ ಹಿಡಿದು, ತಲೆದೂಗಿದ. ಆದರೆ ತಲೆದೂಗುತ್ತಲೇ ಒಂದು ಕಿವಿಗೆ ಬೆರಳಿಟ್ಟುಕೊಂಡಿದ್ದ.

ಹತ್ತು ಗಂಟೆಗೆ ಗುಬ್ಬಿ ಹಾಡು ಎತ್ತಿಕೊಂಡಳು. ಎರಡು ಸಾಲು ಹಾಡಿದಳು, ಧ್ವನಿ ಏರಿಸಿದಳು, ಮತ್ತೂ ಏರಿಸಿದಳು. ಪಕ್ಕದವಳು ಕೈಚೆಲ್ಲಿದಳು. ಗುಬ್ಬಿ ಬಾಯಿ ಮುಚ್ಚಿ, ಹಣೆಯ ಎರಡೂ ಬದಿ ಒತ್ತಿಕೊಂಡಳು.

ಅಕ್ಕ ಅದನ್ನು ನೋಡಿದಳು. ಕಿವಿಯಿಲ್ಲದವಳಿಗೆ ಬಾಯಿಗಳು ಮುಚ್ಚುವುದು ಎಲ್ಲರಿಗಿಂತ ಮೊದಲು ಕಾಣುತ್ತದೆ. ಮಗ್ಗ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ತುಟಿಗಳು ಮತ್ತೆ ಆಡತೊಡಗಿದವು. ಮಗ್ಗ ಓಡಿಸಿದಳು, ತುಟಿಗಳು ನಿಂತವು. ಇನ್ನೊಮ್ಮೆ ಪರೀಕ್ಷಿಸಿದಳು. ಆಮೇಲೆ ಸೆರಗು ಕೊಡವಿ, ನೇರವಾಗಿ ಸೂಪರ್‌ವೈಸರನ ಮೇಜಿನತ್ತ ನಡೆದಳು.

ಮೆಕ್ಯಾನಿಕ್ ಓಡಿ ಅಡ್ಡ ನಿಂತ. "ಅಕ್ಕಾ, ಬೇಡ. ಬಟ್ಟೆ ಸರಿಯಾಗಿದೆಯಲ್ಲ!"

"ಬಟ್ಟೆ ಸರಿಯಾಗಿದೆ. ಗುಬ್ಬಿಗೆ ಕಿವೀಲಿ ಗುಂಯ್ ಅನ್ನೋದು ಈಗಷ್ಟೇ ನಿಂತಿದೆಯಂತೆ, ಅವಳೇ ಎದುರಿಗೆ ನಿಂತು ಹೇಳಿದ್ಲು. ಆ ಗುಂಯ್ ಮತ್ತೆ ಶುರುವಾದ್ರೆ ಕೊನೆಗೆ ಏನು ಬರುತ್ತೆ ಅಂತ ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ." ಅವಳು ಅವನ ಜೇಬಿನಿಂದ ಸ್ಪ್ಯಾನರ್ ತೆಗೆದು ಅವನ ಕೈಗೇ ಕೊಟ್ಟಳು. "ದಿಂಬು ಮತ್ತೆ ಹಾಕು ಹೋಗು. ನಾನು ಮಡಿಸೋ ಕೋಣೆ ಕೇಳ್ಕೋತೀನಿ. ನನಗೆ ಅಂತ ಮಾಡಿದ್ದು ಅವರಿಗಾದ್ರೂ ಆಗ್ಲಿ."

ಅವನು ಹಾಕಿದ. ಎಂಟನ್ನೂ, ಒಂದೊಂದಾಗಿ.

ಸೋಮವಾರ ಅವನು ಮಡಿಸುವ ಕೋಣೆಗೆ ಹೋದಾಗ ಅಕ್ಕ ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದಳು. "ಅಕ್ಕಾ" ಎಂದು ರೂಢಿಯಂತೆ ಕರೆದು, ನಾಲಿಗೆ ಕಚ್ಚಿಕೊಂಡು, ಮೇಜನ್ನು ಬಳಸಿ ಎದುರಿಗೆ ಬಂದ. ಗೋಡೆಯಾಚೆಯಿಂದ ಗುಬ್ಬಿಯ ದನಿ ತೇಲಿಬರುತ್ತಿತ್ತು. ಹಿಂದೆಯೇ ಇನ್ನಷ್ಟು ದನಿಗಳು.

ಅಕ್ಕ ಮಡಿಕೆಯನ್ನು ಅಂಗೈಯಿಂದ ನೇವರಿಸಿ, ತಲೆಯೆತ್ತದೆ ಕೇಳಿದಳು: "ಹಾಡ್ತಿದ್ದಾರಾ?" ಆಮೇಲೆ ಉತ್ತರಕ್ಕಾಗಿ ತಲೆಯೆತ್ತಿದಳು.

ಅವನು ಎದೆಗೆ ಅಂಗೈ ಒತ್ತಿದ.

"ಹೇಗಿದೆ ಹಾಡು? ಹೇಳೋ."

ಅವನು ಎರಡೂ ಕೈಗಳನ್ನು ಮೇಲೆತ್ತಿದ. ಆ ಭಾಷೆಯಲ್ಲಿ ಎಲ್ಲಕ್ಕೂ ಸನ್ನೆಯಿತ್ತು. ಚಹಾಕ್ಕೆ, ಚಾಡಿಗೆ, ಬಸಿರಿಗೆ, ಸಾವಿಗೆ, ಸೂಪರ್‌ವೈಸರನ ಮೀಸೆಗೆ. ಹಾಡಿಗೆ ಇರಲಿಲ್ಲ. ಆ ಭಾಷೆ ಹುಟ್ಟಿದ ಶೆಡ್ಡಿನಲ್ಲಿ ಯಾರೂ ಎಂದೂ ಹಾಡಿರಲಿಲ್ಲ.

ಅಕ್ಕ ಅವನ ಕೈಗಳನ್ನೇ ನೋಡುತ್ತ ಕಾಯುತ್ತಿದ್ದಳು.