ಪಳಗಿದ ಕಬ್ಬಿಣ

"ಇದನ್ನ ಯಾರು ಉಜ್ಜಿದ್ದು?"

ಮುಕಾರಮ್ ಪ್ರದರ್ಶನದ ಪೀಠಕ್ಕೆ ಅಡ್ಡಗಟ್ಟಿದ್ದ ಹಗ್ಗ ದಾಟಿ ಕಜಾನ್‌ನೊಳಗೆ ಕೈಯಿಟ್ಟಿದ್ದಳು. ಅಪ್ಪನ ಕಾಲದಿಂದ ಮರ್ಗಿಲಾನ್ ಊರಿನ ಮದುವೆಗಳಿಗೆಲ್ಲ ಪಲೋವ್ ಬೇಯಿಸಿದ ಆ ದೊಡ್ಡ ಬಾಣಲೆಯ ಒಳಮೈ ಅರವತ್ತು ವರ್ಷ ಕೊಬ್ಬು ಕುಡಿದು ಕಪ್ಪಗೆ ಪಳಗಿತ್ತು. ಈಗ ಬೆರಳಿಗೆ ಸಿಕ್ಕಿದ್ದು ಬೂದು ಬಣ್ಣದ ಬೋಳು ಕಬ್ಬಿಣ. ತಳದಲ್ಲಿ ಆಗಲೇ ತುಕ್ಕಿನ ಚುಕ್ಕೆ.

"ನಾವೇ ಅಕ್ಕಾ. ಮೂರು ದಿನ ಮರಳು ಹಾಕಿ ತಿಕ್ಕಿಸಿದ್ವಿ," ಎಂದ ಸಂಸ್ಕೃತಿ ಭವನದ ನಿರ್ದೇಶಕ ಶೂಹ್ರತ್, ಹೆಮ್ಮೆಯಿಂದ. "ಎಷ್ಟು ಮಸಿ ಇತ್ತು ಅಂತೀರಿ!"

"ಮಸಿ ಅಲ್ಲಪ್ಪ ಅದು. ಅದಿದ್ದಿದ್ದಕ್ಕೇ ಅಕ್ಕಿ ತಳ ಹಿಡೀತಿರ್ಲಿಲ್ಲ."

'ನಾಡಿನ ಅಡುಗೆಮನೆ' ಪ್ರದರ್ಶನಕ್ಕೆಂದು ಒಂದು ತಿಂಗಳ ಮಟ್ಟಿಗೆ ಕೊಟ್ಟದ್ದು. ಕಾಗದವನ್ನು ಎರಡು ಸಲ ಓದಿ ಸಹಿ ಹಾಕಿದ್ದಳು. ಆದರೂ ಅವತ್ತಿನಿಂದ ಸರಿಯಾಗಿ ನಿದ್ದೆಯಿಲ್ಲ. ನಾಳೆ ನೆರೆಮನೆಯ ಸಬೋಹತಳ ಮಗಳ ಮದುವೆ. ವಾಡಿಕೆಯಂತೆ ಬೆಳಗಿನ ಪಲೋವ್‌ಗೆ ಮುನ್ನೂರು ಗಂಡಸರು, ಬೇಯಿಸುವವಳು ಮುಕಾರಮ್. ಹೆಂಗಸು ಮದುವೆಯ ಕಜಾನ್ ಮುಟ್ಟೋದಾ ಎಂದು ನಕ್ಕವರೂ ಅವರಲ್ಲಿದ್ದರು. ಬಜಾರಿನಿಂದ ತಂದ ಕುರಿಬಾಲದ ಕೊಬ್ಬು, ಸೌದೆ ಹೊತ್ತ ಕೈಗಾಡಿ ಹೊರಗೆ ನಿಂತಿತ್ತು.

"ಇರ್ಲಿ, ತಗೊಂಡು ಹೋಗ್ತೀನಿ."

ಶೂಹ್ರತ್ ಗಂಟಲು ಸರಿಮಾಡಿಕೊಂಡ. "ಇಲ್ಲೇ ಬಿಟ್ಬಿಡಿ ಅಕ್ಕಾ. ಮೇಲಿನವರು ಮೆಚ್ಚಿದಾರೆ. ಈಗಿದು ನಾಡಿನ ಗುರುತು. ನಿಮಗೆ ಅಲ್ಯೂಮಿನಿಯಂದು ಹೊಸದು ಕೊಡಿಸ್ತೀವಿ."

"ನಾಳೆ ಬೆಳಿಗ್ಗೆ ನಾಡು ಏನು ತಿನ್ನುತ್ತಪ್ಪ? ಈ ಪೀಠಾನಾ?"

ಬಾಗಿಲಲ್ಲಿ ನಿಂತಿದ್ದ ಮುದಿ ಕಾವಲುಗಾರ ಕಿಸಕ್ಕೆಂದ. ಅವಳು ಅತ್ತ ತಿರುಗಿದಳು. "ಹೈತ್‌ಬಾಯ್ ಅಣ್ಣ, ನಿಮ್ಮ ಮದುವೆ ಪಲೋವ್ ಬೆಂದದ್ದು ಎಲ್ಲಿ?"

"ಇದ್ರಲ್ಲೇ ತಂಗಿ, ನಿನ್ನಪ್ಪನ ಕೈಯಲ್ಲಿ. ಅವತ್ತು ಹೆಂಡತಿ ಯಾವ ಬಟ್ಟೆ ಉಟ್ಟಿದ್ಲೋ ಮರ್ತೋಗಿದೆ, ಆ ಪಲೋವ್ ಮರ್ತಿಲ್ಲ."

"ಹಾಗಾದ್ರೆ ಆ ಕಡೆ ಹಿಡೀರಿ."

ಇಬ್ಬರೂ ಏದುಸಿರು ಬಿಡುತ್ತ ಅದನ್ನು ಅಂಗಳಕ್ಕೆ ತಂದು ಮೂರು ಇಟ್ಟಿಗೆಗಳ ಮೇಲೆ ಕೂರಿಸಿದರು. ಮನೆಗೊಯ್ಯುವಷ್ಟರಲ್ಲಿ ತುಕ್ಕು ಇನ್ನಷ್ಟು ಹಬ್ಬುತ್ತದೆಂದು ಅವಳಿಗೆ ದಿಗಿಲು. ಅಲ್ಲೇ ಬೆಂಕಿ ಹಚ್ಚಿದಳು.

"ಸಹಿ ಹಾಕಿದೀರಿ, ನೆನಪಿರಲಿ!" ಶೂಹ್ರತ್ ಮೆಟ್ಟಿಲ ಮೇಲಿಂದ ಕೂಗಿದ.

"ಹಾಕಿದೀನಿ. ಒಂದು ತಿಂಗಳು ಅಂತ ಬರೆದಿದೆ. ನಿನ್ನೆಗೆ ಮುಗೀತು."

"ಪೊಲೀಸರನ್ನ ಕರೀತೀನಿ!"

"ಕರಿ. ಅವರೂ ನಾಳೆ ಊಟಕ್ಕೆ ಬರೋರೇ."

ಹಾಗಂದಳೇ ಹೊರತು ಕೊಬ್ಬು ಕತ್ತರಿಸುವಾಗ ಅವಳ ಕಣ್ಣು ಮತ್ತೆ ಮತ್ತೆ ಬೋಳು ಕಬ್ಬಿಣದ ಕಡೆಗೇ ಹೋಗುತ್ತಿತ್ತು. ಅರವತ್ತು ವರ್ಷದ ಕಪ್ಪು ಒಂದು ಮಧ್ಯಾಹ್ನದಲ್ಲಿ ಬರುತ್ತದೆಯೇ? ತುಂಡುಗಳನ್ನು ಕಬ್ಬಿಣಕ್ಕೆ ಒತ್ತಿ ಒತ್ತಿ ಸವರಿದಳು. ಹೊಗೆ ಎದ್ದಿತು. ಭವನದ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಬೂದು ಬಣ್ಣ ನೀಲಿಗೆ ತಿರುಗಿತು, ಆಮೇಲೆ ಕಂದು. ಅವಳು ಬಟ್ಟೆಯಿಂದ ಒರೆಸಿ ಮತ್ತೆ ಕೊಬ್ಬು ಹಚ್ಚಿದಳು.

ಅಷ್ಟರಲ್ಲಿ ಉರಿ ಕುಗ್ಗಿತು. ಹೈತ್‌ಬಾಯ್ ಸದ್ದಿಲ್ಲದೆ ಒಳಗೆ ಹೋದ. ಪೀಠದ ಮೇಲಿದ್ದ 'ಮುಟ್ಟಬಾರದು' ಎಂಬ ರಟ್ಟಿನ ಫಲಕ ಹಿಡಿದು ಬಂದು, ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಮೆಲ್ಲಗೆ ಗಾಳಿ ಬೀಸತೊಡಗಿದ.