ಸೊನ್ನೆ ಮಿಲಿಮೀಟರ್

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಕ್ಕಳು ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ. ನರೋಣಾದ ಹತ್ತಿರದ ಈ ಸಣ್ಣ ಊರಿನ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಎರಡು ವರ್ಷದಿಂದ ಕನ್ನಡದ ಹುದ್ದೆ ಖಾಲಿ, ಅದೂ ನನ್ನ ತಲೆಗೇ ಬಿತ್ತು. "ಶಿವಕಾಂತಾ ಟೀಚರ್ ಒಬ್ಬರೇ ಇರ್ತಾರ, ಗಂಡ ಮಕ್ಕಳ ಕಾಟ ಇಲ್ಲ, ಮಾಡ್ಲಿ ಬಿಡ್ರಿ" ಎಂದರು ಉಳಿದ ಮಾಸ್ತರರು. ಒಬ್ಬಳೇ ಇರುವವಳಿಗೆ ಹೊತ್ತು ಪುಕ್ಕಟೆ ಸಿಗುತ್ತದೆಂದು ಇವರ ಎಣಿಕೆ. ಬಾಡಿಗೆ ಕೋಣೆಯಲ್ಲಿ ಎರಡು ರೊಟ್ಟಿ ಬಡಿದು ಒಬ್ಬಳೇ ಉಂಡು ಕೂತರೆ ಸಂಜೆ ಮುಗಿಯುವುದೇ ಇಲ್ಲ, ಅದು ಇವರಿಗೇನು ಗೊತ್ತು? ನನಗೆ ಫೋನ್ ಮಾಡುವವಳು ಒಬ್ಬಳೇ, ಜೇವರ್ಗಿಯಲ್ಲಿರುವ ತಂಗಿ ಶಾಂಭವಿ. ಅದೂ ರವಿವಾರಕ್ಕೊಮ್ಮೆ, ಮುಂಜಾನೆ ಹತ್ತಕ್ಕೆ.

ಎರಡೂ ವಿಷಯ ನನ್ನವೇ ಆದವಲ್ಲ, ಈ ಮಳೆಗಾಲದಲ್ಲಿ ಎರಡನ್ನೂ ಒಂದೇ ಪೀರಿಯಡ್ಡಿನಲ್ಲಿ ಕೂಡಿಸಿಬಿಟ್ಟೆ. ಏಳನೆಯ ತರಗತಿಯ ಮಕ್ಕಳು ಮಳೆ ಬರುವ ಒಂದು ಕಥೆ ಆರಿಸಬೇಕು. ಕಪಾಟಿನ ಪುಸ್ತಕದ್ದಾದರೂ ಸರಿ, ಯಾರೋ ಹೇಳಿದ್ದಾದರೂ ಸರಿ. ಆಮೇಲೆ ಅದನ್ನು ಮೋಡಗಳ ಪಾಠದ ಜೊತೆಗೋ ಶಾಲೆಯ ಮಳೆ ವಹಿಯ ಜೊತೆಗೋ ಇಟ್ಟು ಓದಬೇಕು. ಹಾಳೆಯನ್ನು ಮೂರು ಮಡಿಕೆ ಮಾಡಿ ಬರೆಯುವುದು: ಕಥೆ ಹೇಳಿದ್ದು, ವಿಜ್ಞಾನ ಹೇಳಿದ್ದು, ನನಗೆ ಅನಿಸಿದ್ದು. ಮಳೆ ವಹಿ ನಿವೃತ್ತರಾದ ವಿಶ್ವಾರಾಧ್ಯ ಮಾಸ್ತರರು ಶುರು ಮಾಡಿದ್ದು. ಅಂಗಳದ ಮಳೆಮಾಪಕದಲ್ಲಿ ಬಿದ್ದ ನೀರನ್ನು ದಿನಾ, ರಜೆಯಿದ್ದರೂ, ಮುಂಜಾನೆ ಎಂಟೂವರೆಗೆ ಮಕ್ಕಳು ಸರದಿಯಂತೆ ಅಳೆದು ಅದರಲ್ಲಿ ಬರೆಯುತ್ತಾರೆ. ಇಪ್ಪತ್ತು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ.

ರಸೂಲ, ರಾಜ ಅತ್ತದ್ದಕ್ಕೆ ಮಳೆ ಸುರಿದ ಕಥೆ ಆರಿಸಿದ್ದ. ಎದ್ದು ನಿಂತು ತನಗೆ ಅನಿಸಿದ್ದನ್ನು ಓದಿದ: "ಅಳೂದಕ್ಕ ಮಳಿ ಬರ್ತಿದ್ರ, ಗಣಿತದ ಪೇಪರ್ ಕೊಟ್ಟ ದಿನ ನಮ್ಮೂರ ಕೊಚ್ಚಿ ಹೋಗ್ಬೇಕಿತ್ತು." ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ.

ಆಮೇಲೆ ಪಂಚಶೀಲಾ ಎದ್ದಳು. ಮಾತು ಕಡಿಮೆ, ಓದು ಹೆಚ್ಚು, ಅಂಥ ಹುಡುಗಿ.

"ನೀ ಯಾವ ಕಥಿ ತಗೊಂಡಿ ಬೇ?" ಎಂದೆ.

"ನಿಮ್ದೇ ರೀ ಟೀಚರ್. ನಿಮ್ಮವ್ವ ತೀರಿಕೊಂಡ ದಿನ ಹಳ್ಳ ಬಂದದ್ದು."

ನಾನೇ ಹೇಳಿದ್ದೆ, ಪ್ರವಾಹದ ಪಾಠ ಮಾಡುವಾಗ. ಈ ಊರಿಗೂ ದೊಡ್ಡ ರಸ್ತೆಗೂ ನಡುವೆ ಒಂದು ಹಳ್ಳ ಇದೆ. ಅದು ತುಂಬಿದರೆ ಸೇತುವೆಯ ಮೇಲೆ ನೀರು ಹರಿಯುತ್ತದೆ, ಬಸ್ ಬಂದ್. ಅಂಥ ಹೊತ್ತಿನಲ್ಲಿ ಯಾರೂ ದಾಟಬೇಡಿ, ನನ್ನ ಅವ್ವ ಸಾಯುವಾಗಲೂ ನಾನು ದಾಟಲಿಲ್ಲ ಎಂದು ತಾರೀಖಿನ ಸಮೇತ ಹೇಳಿದ್ದೆ.

ಅವಳು ಓದಿದಳು: "ಕಥೆ ಹೇಳಿದ್ದು: ೨೦೧೩, ಸೆಪ್ಟೆಂಬರ್ ೧೧. ದೊಡ್ಡ ಮಳೆ. ಹಳ್ಳ ಬಂತು. ಬಸ್ ಬರಲಿಲ್ಲ. ವಹಿ ಹೇಳಿದ್ದು: ಸೊನ್ನೆ ಮಿಲಿಮೀಟರ್."

ನನ್ನ ಕಿವಿ ಬಿಸಿಯಾಯಿತು.

"ಎಂಟೂವರಿಗೆ ಅಳೀತಾರಂತ ಮರುದಿನದ್ದೂ ನೋಡೀನ್ರಿ. ಅದೂ ಸೊನ್ನೆ. ಹಿಂದಿನ ಐದು ದಿನಾನೂ ಸೊನ್ನೆನೇ ಅದ ರೀ."

ಅಧಿಕಪ್ರಸಂಗಿ, ಕೂಡು ಕೆಳಗ! ಈ ಮಾತು ನಾಲಿಗೆಯ ತನಕ ಬಂದಿತ್ತು. ನನ್ನ ಮುಖ ನೋಡಿ ಹುಡುಗಿ ಹೆದರಿದಳು. ಗಡಬಡಿಸಿ ಹೇಳಿದಳು: "ಆದ್ರ ಟೀಚರ್, ನೀವೇ ಹೇಳೀರಲ್ರಿ, ಮ್ಯಾಲಿನ ಊರಾಗ ಮಳಿ ಆದ್ರ ನಮ್ಮಲ್ಲಿ ಒಣ ಇದ್ರೂ ಹಳ್ಳ ಬರ್ತದಂತ. ಹಂಗೇ ಆಗಿರ್ಬೇಕ್ರಿ. ಹಂಗ ಬರೀಲೇನ್ರಿ?"

ಸರಿಯಾದ ವಿಜ್ಞಾನ. ನಾನೇ ಕಲಿಸಿದ್ದು. 'ಹೂಂ' ಎಂದಿದ್ದರೆ ಸಾಕಿತ್ತು.

ಹನ್ನೆರಡು ವರ್ಷದ ಹಿಂದೆಯೂ ಹೀಗೇ ಒಬ್ಬರು ನನ್ನ ಕೈಗೆ ನೆಪ ಕೊಟ್ಟಿದ್ದರು. ಆಗ ಅವ್ವನ ಜೊತೆ ನಾನು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅಮರನಾಥನನ್ನು ಮದುವೆಯಾಗುತ್ತೇನೆ ಎಂದಾಗ ಅವ್ವ ಅನ್ನನೀರು ಬಿಟ್ಟು ಮಲಗಿದ್ದಳು. ಅವನು ಬೇರೆ ಜಾತಿಯವನು. ಆ ಮದುವೆಯ ಮಾತು ಮುರಿಯಿತು, ನಾನು ಇಲ್ಲಿಗೆ ಬಂದೆ. ಆಮೇಲೆ 'ಸಾಯಾಕತ್ತೀನಿ, ಬಾ' ಎಂದು ಎರಡು ಸಲ ಕರೆಸಿ, ಹೋಗಿ ನೋಡಿದರೆ ಗಟ್ಟಿಮುಟ್ಟಾಗಿ ಕೂತು ಚಹಾ ಕುಡಿಯುತ್ತಿದ್ದಳು. ಮೂರನೆಯ ಸಲ ಶಾಂಭವಿ ಫೋನ್ ಮಾಡಿದಾಗ ಚೀಲ ಹಿಡಿದು ಬಸ್ ನಿಲ್ದಾಣದವರೆಗೆ ಹೋದೆ. ಬಸ್ ಬಂತು. "ಬರ್ರಿ ಟೀಚರ್" ಎಂದು ಕಂಡಕ್ಟರ್ ಕರೆದ. ಇದೂ ನಾಟಕವೇ ಇರಬೇಕು, ನಾಳೆ ನೋಡೋಣ ಎಂದು ಸಿಟ್ಟಿನಿಂದ ಕೂತೇ ಇದ್ದೆ. ಬಸ್ ಹೋಯಿತು. ಮೂರು ಗಂಟೆಗೆ ಶಾಂಭವಿ ಮತ್ತೆ ಫೋನ್ ಮಾಡಿ, "ಅಕ್ಕಾ, ಹಳ್ಳ ಬಂದದೇನು?" ಎಂದಳು. ನೆತ್ತಿಯ ಮೇಲೆ ಸುಡುಬಿಸಿಲು. "ಹೌದು" ಎಂದೆ. ಐದಕ್ಕೆ ಅವ್ವ ಹೋದಳು.

ಅಂದಿನಿಂದ ಶಾಂಭವಿ ನನಗಾಗಿ ಬೀಗರು ಬಿಜ್ಜರ ಜೊತೆ ಜಗಳಾಡುತ್ತಲೇ ಇದ್ದಾಳೆ. "ನಮ್ಮಕ್ಕ ಬರ್ತಿದ್ಲು, ಹಳ್ಳ ಬಿಡಲಿಲ್ಲ" ಎನ್ನುತ್ತಾಳೆ. ಆ ಹಳ್ಳ ಸುಳ್ಳು ಎಂದು ಗೊತ್ತಾದರೆ ರವಿವಾರದ ಫೋನೂ ನಿಲ್ಲುತ್ತದೆ. ಅದೊಂದೇ ಹೆದರಿಕೆ ನನ್ನ ಬಾಯಿ ಕಟ್ಟಿತ್ತು.

ಪಂಚಶೀಲಾ ಇನ್ನೂ ನಿಂತೇ ಇದ್ದಳು, ಪೆನ್ನು ಹಿಡಿದು.

"ಬ್ಯಾಡ," ಎಂದೆ. "ಹಳ್ಳ ಬಂದಿರಲಿಲ್ಲ. ಬಸ್ ಬಂದಿತ್ತು. ನಾನೇ ಹತ್ತಲಿಲ್ಲ. ಹಂಗಂತ ಬರಿ."

ಯಾಕೆ ಎಂದು ಯಾರೂ ಕೇಳಲಿಲ್ಲ. ನೆಂಟರಿಗಿಂತ ಮಕ್ಕಳು ವಾಸಿ. ಊಟದ ಗಂಟೆ ಹೊಡೆಯಿತು, ಎಲ್ಲರೂ ತಾಟು ಹಿಡಿದು ಓಡಿದರು. ಪಂಚಶೀಲಾ ಏನೋ ಬರೆದು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಮೂರನೆಯ ಮಡಿಕೆ ಬಿಚ್ಚಿದೆ. 'ನನಗೆ ಅನಿಸಿದ್ದು: ಆ ದಿನ ಮಳೆ ಆಗಬೇಕಿತ್ತು.'

ಖಾಲಿ ತರಗತಿಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತೆ. ಆಮೇಲೆ ಫೋನ್ ಹಚ್ಚಿದೆ.

"ಏನಕ್ಕಾ, ಬುಧವಾರ ಮಾಡೀದಿ? ಆರಾಮ ಇದ್ದೀ ಹೌದಿಲ್ಲೋ?" ಎಂದಳು ಶಾಂಭವಿ.

ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಜೇವರ್ಗಿಯ ರಸ್ತೆಯಲ್ಲಿ ಲಾರಿಗಳ ಹಾರ್ನ್ ಕೇಳುತ್ತಿತ್ತು.

"ಹಳ್ಳದ ಮಾತು ನಂದಲ್ಲಕ್ಕ," ಎಂದಳು ಕೊನೆಗೆ. "ಅವ್ವನೇ ಕೇಳ್ಸಿದ್ಲು. 'ಶಿವಕ್ಕ ಬರಲಾರ್ದಾಕಿ ಅಲ್ಲ, ಹಳ್ಳ ಬಂದಿರ್ಬೇಕು, ಕೇಳು' ಅಂದ್ಲು. ನೀ ಹೌದು ಅಂದಿ. ಅದನ್ನೇ ಅವ್ವಗ ಹೇಳ್ದೆ."

"ಅವ್ವ ಏನಂದ್ಲು?"

"'ನೀರಾಗ ಇಳೀಬ್ಯಾಡ ಅನ್ನು ಆಕೀಗೆ' ಅಂದ್ಲು. ಅದೇ ಕಡೀ ಮಾತು. ನೀ ಅಳ್ತೀ ಅಂತ ಇಷ್ಟ ವರ್ಷ ಹೇಳಿರ್ಲಿಲ್ಲ."

ಫೋನ್ ಇಟ್ಟುಬಿಟ್ಟಳು.

ಎರಡು ರವಿವಾರ ಹತ್ತರಿಂದ ಹನ್ನೊಂದರ ತನಕ ಫೋನ್ ಮುಂದಿಟ್ಟುಕೊಂಡು ಕೂತೆ. ಬರಲಿಲ್ಲ. ನಾನು ಮಾಡಿದರೂ ಎತ್ತಲಿಲ್ಲ. ಮೂರನೆಯ ರವಿವಾರ ನಾನೇ ಹೋಗುವುದೆಂದು ಗಟ್ಟಿ ಮಾಡಿ, ಹಿಂದಿನ ದಿನವೇ 'ನಾಳೆ ಬರ್ತೇನಿ' ಎಂದು ಮೆಸೇಜ್ ಹಾಕಿದೆ. ಅದಕ್ಕೂ ಉತ್ತರವಿಲ್ಲ.

ಮುಂಜಾನೆ ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಬಂದರೆ ಒಂದು ನರಪಿಳ್ಳೆಯೂ ಇಲ್ಲ. ರಾತ್ರಿಯೆಲ್ಲ ಮಳೆ ಹೊಡೆದಿತ್ತು. ಸೇತುವೆಯ ಮೇಲೆ ಮೊಳಕಾಲುದ್ದದ ಕೆಂಪು ನೀರು. ಹಳ್ಳ ಬಂದಿತ್ತು, ಈ ಸಲ ನಿಜವಾಗಿ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇದನ್ನು ಯಾವ ಬಾಯಿಂದ ಹೇಳಲಿ? ನನ್ನ ಬಾಯಿಂದ ಬಂದ ಈ ಮಾತನ್ನು ಇನ್ನು ಯಾರು ನಂಬುತ್ತಾರೆ?

ಶಾಲೆಗೆ ನಡೆದೆ. ಪಂಚಶೀಲಾ ಮಳೆಮಾಪಕದ ನೀರು ಅಳೆದು ವಹಿಯಲ್ಲಿ ಬರೆಯುತ್ತಿದ್ದಳು: ೭೧ ಮಿಲಿಮೀಟರ್. ಆ ಪುಟದ ಫೋಟೋ ತೆಗೆದೆ. ಬೇರೆ ಒಂದಕ್ಷರ ಬರೆಯದೆ ಶಾಂಭವಿಗೆ ಕಳಿಸಿ, ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕೂತೆ. ಹತ್ತಾಯಿತು. ಹನ್ನೊಂದಾಯಿತು. ಹನ್ನೊಂದೂಕಾಲಿಗೆ ಮೆಸೇಜ್ ಬಂತು.

'ನೀರಾಗ ಇಳೀಬ್ಯಾಡ ಅಕ್ಕ.'