ಕಿಟಕಿಯ ಅಳತೆ

ತೀರಿಕೊಂಡ ಹೆಂಡತಿ ಗುರುಶಾಂತಮ್ಮನ ಶಿವಗಣಾರಾಧನೆ ಮುಗಿದ ಮರುದಿನ ತೋಟಪ್ಪ ಒಗೆದ ಅಂಗಿ ತೊಟ್ಟು, ಕೈಚೀಲವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದ. ಮಗಳು ವಾಣಿ ಅಡುಗೆಯ ದೊಡ್ಡ ಪಾತ್ರೆಗಳನ್ನು ತೊಳೆದು ಅಂಗಳದ ಬಿಸಿಲಿಗೆ ಬೋರಲು ಹಾಕುತ್ತಿದ್ದಳು.

“ಎಲ್ಲಿಗ್ರಿ ಅಪ್ಪಾಜಿ?”

“ಹರಿಹರಕ್ಕ. ಆ ಗಾಡಿ ಐತಲ್ಲ.”

ವಾಣಿ ಕೈಯಲ್ಲಿದ್ದ ಹಂಡೆಯನ್ನು ಕೆಳಗಿಟ್ಟಳು. “ಇನ್ನು ಅದ್ಯಾಕ್ರಿ? ಅವ್ವಗ ಅಂತ ನೋಡಿದ್ದು ಅದು. ಬ್ಯಾಡ ಅಂತ ಹೇಳಿ ಬಂದ್ಬಿಡ್ರಿ.”

“ಹೂಂ.”

“ಹಂಗೆ ಬಕ್ಕೇಶ ಮಾಮನ ಅಂಗಡಿಗೆ ಈ ಸೌಟು, ಜಾಲರಿ ಕೊಟ್ಟು ಹೋಗ್ರಿ. ಅವರ ಮನಿಯವು.”

“ಹೂಂ.”

ಹೆಂಡತಿ ತೀರಿಕೊಂಡಂದಿನಿಂದ ತೋಟಪ್ಪ ಎಲ್ಲದಕ್ಕೂ ಹೂಂ ಎಂದೇ ಅಂದಿದ್ದ. ಉಣ್ಣು ಅಂದರೆ ಹೂಂ, ಮಲಗು ಅಂದರೆ ಹೂಂ. ಒಂದು ಸಲ ಅತ್ತುಬಿಡು, ಹಗುರಾಗ್ತೀ ಎಂದು ಊರ ಹಿರಿಯರು ಅಂದಾಗಲೂ ಹೂಂ ಎಂದಿದ್ದ. ಅಳು ಬಂದಿರಲಿಲ್ಲ. ಜೋಮು ಹಿಡಿದ ಕಾಲಿನ ಮೇಲೆ ಯಾರೋ ಕೈಯಿಟ್ಟಂತೆ, ಇಟ್ಟದ್ದು ಗೊತ್ತಾಗುತ್ತಿತ್ತು, ಅಷ್ಟೇ.

ಗುರುಶಾಂತಮ್ಮನಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿದ್ದವು. ವಾರಕ್ಕೊಮ್ಮೆ ಆಕೆಯನ್ನು ಆಟೋದಲ್ಲಿ ಹಾಕಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಹೋಗಿ ಬಿದ್ದ ಕೈಕಾಲಿಗೆ ಕರೆಂಟ್ ಕೊಡಿಸಿಕೊಂಡು ಬರಬೇಕಿತ್ತು. ಹದಡಿ ರಸ್ತೆಯ ಕುಣಿಗಳಿಗೆ ಆಕೆ ಎಡಕ್ಕೆ ಜಾರುತ್ತಿದ್ದಳು. ತೋಟಪ್ಪ ಆಕೆಯ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂಡುತ್ತಿದ್ದ. ಒಂದು ದಿನ ಆಕೆ ತೊದಲುತ್ತ ಏನೋ ಅಂದಳು. ಮೂರು ಸಲ ಕೇಳಿದ ಮೇಲೆ ತಿಳಿಯಿತು. “ಬರೇ ರೆಕ್ಸಿನ್ ಕಾಣ್ತೈತೆ.” ಮಲಗಿದವಳ ಕಣ್ಣಿಗೆ ಆಟೋದ ಕರಿ ಛಾವಣಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹೋಗುವಾಗಲೂ ಅದೇ, ಬರುವಾಗಲೂ ಅದೇ.

ಆಮೇಲೆಯೇ ತೋಟಪ್ಪ ಗಾಡಿ ಹುಡುಕತೊಡಗಿದ್ದು. ಟ್ರ್ಯಾಕ್ಟರ್ ಓಡಿಸಿದ ಕೈ, ಕಾರು ಓಡಿಸುವುದೇನು ಕಷ್ಟವಲ್ಲ. ಆದರೆ ಕಾರುಗಳು ತಗ್ಗು, ಎತ್ತಿ ಕೂರಿಸಲು ಬಾರದು. ಜೀಪಿಗೆ ತಾಡಪಾಲು, ಗಾಳಿ ಬಡಿಯುತ್ತದೆ. ಹರಿಹರದಲ್ಲಿ ಏಕಾಂತಪ್ಪ ಎಂಬುವವರ ಹತ್ತಿರ ಹಂಬೀರ್ ಎಂಬ ಹಳೇ ಗಾಡಿಯೊಂದು ಇದೆ ಎಂದು ಯಾರೋ ಹೇಳಿದರು. ಜೀಪಿನ ಎತ್ತರ, ಕಾರಿನ ಹಾಗೆ ಮುಚ್ಚಿದ ತಗಡಿನ ಮೈ, ಹಿಂದೆ ಅಗಲದ ಬಾಗಿಲು. ಗಿಡ್ಡ ಗಾಡಿ, ಓಣಿಯಲ್ಲೂ ತಿರುಗುತ್ತದೆ. ಮಾಡುತ್ತಿದ್ದ ಕಂಪನಿ ಮಾತ್ರ ಮುಚ್ಚಿಹೋಗಿ ವರ್ಷಗಳಾಗಿದ್ದವು.

ನೋಡಲು ಹೋಗುವ ಮುಂಚೆ ತೋಟಪ್ಪ ಗುರುಶಾಂತಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ ಸುತಳಿ ಹಿಡಿದು ಅಳೆದಿದ್ದ. ಕೂತ ನೆಲದಿಂದ ಕಣ್ಣಿನವರೆಗೆ ಒಂದು ಗಂಟು, ನೆತ್ತಿಯವರೆಗೆ ಇನ್ನೊಂದು ಗಂಟು. “ಅಂಗಿ ಹೊಲಿಸ್ತೀಯೇನು?” ಎಂಬಂತೆ ಆಕೆ ಬಲಗೈಯಿಂದ ಸನ್ನೆ ಮಾಡಿದ್ದಳು.

“ಕಿಟಕಿ ಇರೋ ಗಾಡಿ ತರ್ತೀನಿ,” ಅಂದಿದ್ದ. ಆಕೆಯ ಅರ್ಧ ಬಾಯಿ ನಕ್ಕಿತ್ತು.

ಹರಿಹರದಲ್ಲಿ ಗಾಡಿಯ ಹಿಂದಿನ ಬೆಂಚಿನ ಮೇಲೆ ಸುತಳಿ ಹಿಡಿದರೆ ಕಣ್ಣಿನ ಗಂಟು ಕಿಟಕಿಗಿಂತ ಕೆಳಗೆ ಬಂದಿತ್ತು. ಏಕಾಂತಪ್ಪ ಸೀಮೆಸುಣ್ಣದಿಂದ ಅಲ್ಲಿ ಒಂದು ಗೆರೆ ಎಳೆದು, “ಜನ ಇಂಜಿನ್ ನೋಡ್ತಾರೆ, ಟೈರು ಒದ್ದು ನೋಡ್ತಾರೆ. ನೀವು ಕಿಟಕಿ ಅಳೀತೀರಲ್ರಿ ಗೌಡ್ರೆ!” ಎಂದು ನಕ್ಕಿದ್ದರು. ಬೆಲೆ ಒಪ್ಪಿಗೆಯಾಗಿ ತೋಟಪ್ಪ ಅವರ ಕೈಗೆ ಎಲೆ ಅಡಿಕೆ ಕೊಟ್ಟು, ಸೋಮವಾರ ಬಂದು ಒಯ್ಯುತ್ತೇನೆ ಅಂದಿದ್ದ.

ಶನಿವಾರ ಗುರುಶಾಂತಮ್ಮ ಹೋದಳು. ಅಂದು ಮಧ್ಯಾಹ್ನ ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಕೂರಿಸಿದ್ದರು. ಗದ್ದೆಯಲ್ಲಿ ಕೆಲಸ ಮಾಡುವ ಗಿಡ್ಡಪ್ಪ ಸನಿಕೆ ಹಿಡಿದು ಬಂದು ಬಾಗಿಲ ಬಳಿ ನಿಂತ. ಸಮಾಧಿಯ ಗುಣಿಯೊಳಗೆ ಆಕೆಯನ್ನು ಕೂರಿಸುವ ಗೂಡು ಕೊರೆಯಬೇಕಿತ್ತು.

“ಗೌಡ್ರೆ, ಅಮ್ಮಾರು ಕುಂತ್ರೆ ಎಷ್ಟೆತ್ತರ ಬರ್ತಾರ್ರಿ? ತಲಿಗೆ ತಾಗಬಾರ್ದು.”

ತೋಟಪ್ಪ ಜೇಬಿಗೆ ಕೈ ಹಾಕಿ ಸುತಳಿ ತೆಗೆದು ಕೊಟ್ಟಿದ್ದ. “ಮ್ಯಾಲಿನ ಗಂಟು.”

ಗಿಡ್ಡಪ್ಪ ಅದನ್ನು ಇಸಿದುಕೊಂಡು ಗದ್ದೆಯ ಕಡೆ ಹೋಗಿದ್ದ.

*

ಬಕ್ಕೇಶನ ಅಂಗಡಿ ದಾವಣಗೆರೆಯ ಮಂಡಿಪೇಟೆಯಲ್ಲಿ. ಬೆಲ್ಲ, ಶೇಂಗಾದ ಸಗಟು ವ್ಯಾಪಾರ. ಗುರುಶಾಂತಮ್ಮನ ಬೆನ್ನಿಗೆ ಬಿದ್ದ ತಮ್ಮ. ಸೌಟು ಜಾಲರಿಯ ಚೀಲ ಇಸಿದುಕೊಂಡು, ಗದ್ದಿಗೆಯ ಮೇಲೆ ಜಾಗ ಮಾಡಿದ.

“ಕೂಡ್ರಿ ಮಾವ. ಚಾ ತರಸ್ತೀನಿ. ಹರಿಹರಕ್ಕ ಹೊಂಟೀರಂತ, ವಾಣಿ ಫೋನ್ ಮಾಡಿದ್ಲು. ಬ್ಯಾಡ ಅನ್ನಾಕ ಹೌದಲ್ರಿ?”

“ಹೂಂ.”

“ಮತ್ತ ಆ ರೊಕ್ಕದ ಚೀಲ ಯಾಕ ಕಂಕುಳಾಗ?”

ತೋಟಪ್ಪ ಕಂಕುಳು ನೋಡಿಕೊಂಡ. “ಇರ್ಲಿ ಅಂತ.”

“ನೋಡ್ರಿಲ್ಲಿ. ಕಂಪನಿಗೇ ಬೀಗ ಬಿದ್ದೈತೆ. ನಾಳೆ ಒಂದು ನಟ್ಟು ಬೋಲ್ಟು ಬೇಕಂದ್ರ ಕಾಶಿಗೆ ಹೋಗ್ಬೇಕು ನೀವು. ದಾವಣಗೆರಿ ಜಿಲ್ಲಾನೇ ಹೊಸದಾತು, ನಿಮಗ್ಯಾಕ ಹಳೇ ಡಬ್ಬಿ?” ಎಂದು ತಾನೇ ನಗಲು ಹೋಗಿ, ನಗು ಕೂಡಿಬರದೆ ಬೆಲ್ಲದ ಪೆಂಟಿಯ ಮೇಲಿನ ನೊಣ ಓಡಿಸಿದ. “ಅಕ್ಕ ಇದ್ದಿದ್ರ ನಾನೇ ತಳ್ಕಂಡು ತರ್ತಿದ್ದೆ. ಮಾತು ಕೊಟ್ಟಿದ್ದು ಅಕ್ಕನ ಸಲುವಾಗಿ. ಅಕ್ಕನ ಹಿಂದೆ ಮಾತೂ ಹೋತು ಅನ್ಕಳ್ರಿ. ಯಾರೂ ತಪ್ಪು ತಿಳಿಯಲ್ಲ.”

“ಹೂಂ,” ಅಂದ ತೋಟಪ್ಪ. ಚಹಾ ಕುಡಿದ. ಅದಕ್ಕೆ ಸಕ್ಕರೆ ಇತ್ತೋ ಇಲ್ಲವೋ ತಿಳಿಯಲಿಲ್ಲ.

ಹರಿಹರದ ಬಸ್ಸಿನಲ್ಲಿ ಆತನಿಗೆ ಕಿಟಕಿಯ ಸೀಟೇ ಸಿಕ್ಕಿತು. ಹೇಳಬೇಕಾದ ಮಾತನ್ನು ಬಾಯೊಳಗೆ ಒಂದೆರಡು ಸಲ ಹೇಳಿಕೊಂಡ. ‘ಮನಿಯಾಕಿ ಹೋದ್ಲು, ಗಾಡಿ ಬ್ಯಾಡ.’ ಸಣ್ಣ ಮಾತು, ಸರಾಗವಾಗಿಯೇ ಬರುತ್ತಿತ್ತು.

*

ಏಕಾಂತಪ್ಪ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮೊಣಕಾಲು ಹಿಡಿದು ಕ್ಲಚ್ ಒತ್ತಲು ಆಗದೆ ಗಾಡಿ ಮಾರುತ್ತಿದ್ದರು. ಮನೆ ಹೊಳೆಯ ಕಡೆ ಇಳಿಯುವ ಓಣಿಯಲ್ಲಿತ್ತು. ಗೇಟಿನ ಸದ್ದಿಗೆ ಕುಂಟುತ್ತಲೇ ಬಂದರು.

“ಬರ್ರಿ ಬರ್ರಿ! ಯಾವ ಸೋಮವಾರ ಅಂತ ಹೇಳಿರ್ಲಿಲ್ಲ ನೋಡ್ರಿ ನೀವು. ಗೌಡ್ರು ಮನಸ್ಸು ಬದಲಾಯ್ಸಿದ್ರು ಅಂತ ನಮ್ಮಾಕಿ. ನಾನಂದೆ, ಕಿಟಕಿ ಅಳ್ದು ಹೋದೋರು ಬಂದೇ ಬರ್ತಾರೆ ಸುಮ್ನಿರು ಅಂತ.”

“ಏಕಾಂತಪ್ಪಾರೆ, ನಾನು...”

“ಮಾತು ಆಮ್ಯಾಲೆ. ಮೊದ್ಲು ಇಲ್ಲಿ ಬರ್ರಿ.” ಮುಂಗೈ ಹಿಡಿದು ಗಾಡಿಯ ಹಿಂಭಾಗಕ್ಕೆ ಕರೆದೊಯ್ದು ಬಾಗಿಲು ತೆಗೆದರು.

ಒಳಗೆ ಒಂದು ಕಡೆಯ ಬೆಂಚು ಇರಲಿಲ್ಲ. ಅದರ ಜಾಗದಲ್ಲಿ ಕೈಯಿರುವ ಕುರ್ಚಿಯಂಥ ಒಂಟಿ ಸೀಟು, ಕೆಳಗೆ ಕಬ್ಬಿಣದ ಗಟ್ಟಿ ಚೌಕಟ್ಟು. ಬಾಗಿಲಿನ ಬುಡದಲ್ಲಿ ತಗ್ಗಾದ ಮೆಟ್ಟಿಲೊಂದನ್ನು ಹೊಸದಾಗಿ ಬೆಸೆದಿದ್ದರು. ಅದರ ಕೆಂಪು ಬಣ್ಣ ಇನ್ನೂ ವಾಸನೆ ಹೊಡೆಯುತ್ತಿತ್ತು.

“ಗುಜರಿಯಾಗ ಬಸ್ಸಿನ ಸೀಟು ಸಿಕ್ತು. ಆ ಗೆರೆಯಿಂದ ಕಿಟಕಿಗೆ ಒಂದು ಗೇಣು ಕಮ್ಮಿ ಇತ್ತಲ್ಲ, ಒಂದು ಗೇಣು ನಾಕು ಬೆರಳು ಎತ್ತರ ಮಾಡೀನಿ. ಅಮ್ಮಾರಿಗೆ ಎಡಗೈ ಆಗಲ್ಲ ಅಂದಿದ್ರಿ, ಅದಕ್ಕ ಹಿಡಿ ಬಲಕ್ಕ ಹಾಕೀನಿ. ಎಡಕ್ಕ ಜಾರ್ತಾರಲ್ಲ, ಆ ಕಡಿ ಪಟ್ಟಿ. ಕಾಲಿಗೆ ಕೆಳಗ ಹಲಗಿ. ಕಾಲು ಊರ್ತಾರೋ, ಇಲ್ಲಾ ಜೋತು ಬೀಳ್ತಾವೋ?”

ತೋಟಪ್ಪ ಬಗ್ಗಿ ಹಲಗೆಯ ಮೇಲೆ ಕೈಯಿಟ್ಟ.

ಇಷ್ಟು ದಿನ ಮನೆಗೆ ಬಂದವರೆಲ್ಲ ಗುರುಶಾಂತಮ್ಮನ ಒಳ್ಳೆಯ ಗುಣ ಹೇಳಿದ್ದರು. ಎಂಥ ಕೈ, ಎಂಥ ರೊಟ್ಟಿ, ಎಂಥ ತಾಳ್ಮೆ. ಅವರು ಹೇಳಿದಷ್ಟೂ ಆಕೆ ದೂರ ಹೋಗುತ್ತಿದ್ದಳು. ಇವರೊಬ್ಬರು ಆಕೆ ಕಾಲು ಎಲ್ಲಿ ಇಡುತ್ತಾಳೆ ಎಂದು ಕೇಳುತ್ತಿದ್ದರು.

“ಬಲಗಾಲು ಊರ್ತಾಳೆ,” ಅಂದ ತೋಟಪ್ಪ.

“ಹಂಗಾರ ಹಲಗಿ ಸಾಕು.”

“ಸಾಕು.”

“ನಿಮಗ ಕೇಳ್ದೆ ಮಾಡ್ದೆ. ಇದಕ್ಕ ಬ್ಯಾರೆ ರೊಕ್ಕ ಬ್ಯಾಡ್ರಿ. ಬೆಂಚು ಬೇಕಂದ್ರ ಅಲ್ಲಿ ಗ್ವಾಡಿಗೆ ಒರಗಿಸೀನಿ, ಒಯ್ರಿ. ಕಂಪನಿ ಸತ್ತೈತೆ ಗೌಡ್ರೆ, ಗಾಡಿ ಸತ್ತಿಲ್ಲ. ಈ ಗೋಣಿಚೀಲದ ತುಂಬ ಸಾಮಾನು ಕೂಡಿಟ್ಟೀನಿ, ನಿಮ್ಮ ಕಾಲಕ್ಕೆ ಆಗಿ ಉಳೀತಾವೆ.” ಅವರು ಚೀಲವನ್ನು ಕಾಲಿನಿಂದ ಒತ್ತಿದರು. ಒಳಗೆ ಕಬ್ಬಿಣ ಸದ್ದು ಮಾಡಿತು. “ಅದೇನೋ ಹೇಳಾಕ ಹೊಂಟಿದ್ರಲ್ಲ?”

ತೋಟಪ್ಪ ಬಾಯಿ ತೆರೆದ. ಬಸ್ಸಿನಲ್ಲಿ ಸರಾಗವಾಗಿದ್ದ ಮಾತು ಇತ್ತು, ಅಲ್ಲೇ ಇತ್ತು. ಅದನ್ನು ಹೇಳಿದರೆ ಈ ಅಂಗಳದಲ್ಲೂ ಆಕೆ ಸಾಯಬೇಕಾಗುತ್ತಿತ್ತು.

“ಡೀಸೆಲ್ ಐತೇನು ಅಂತ,” ಅಂದ.

“ದಾವಣಗೆರಿ ತನಕ ಬರ್ತೈತೆ. ಮುಂದೆ ಹಾಕಿಸ್ಕಳ್ರಿ.”

ಕಂಕುಳಿನ ಚೀಲ ಏಕಾಂತಪ್ಪನವರ ಕೈಗೆ ಹೋಯಿತು. ಕೀಲಿಕೈ ತೋಟಪ್ಪನ ಕೈಗೆ ಬಂತು. ಹೊರಡುವಾಗ ಏಕಾಂತಪ್ಪನವರ ಹೆಂಡತಿ ತಟ್ಟೆಯಲ್ಲಿ ಅರಿಶಿನ ಕುಂಕುಮ, ಬಾಳೆಹಣ್ಣು, ಹಸಿರು ಕುಬಸದ ಕಣ ಇಟ್ಟುಕೊಂಡು ಬಂದಳು.

“ಗಾಡಿ ಜೊತಿಗೆ ಬರಿಗೈಲಿ ಕಳಸ್ಬಾರ್ದು ಅಣ್ಣಾರೆ. ಅಕ್ಕಾರಿಗೆ ಕೊಡ್ರಿ. ಒಂದಿನ ಕರ್ಕಂಡು ಬರ್ರಿ, ಹೊಳಿ ನೋಡ್ಕಂಡು, ಉಂಡು ಹೋಗೀರಂತೆ.”

“ಹೂಂ,” ಅಂದ ತೋಟಪ್ಪ. ಅದನ್ನು ಎಲ್ಲಿಡಬೇಕೋ ತಿಳಿಯದೆ ಹಿಂದಿನ ಸೀಟಿನ ಮೇಲೆ ಇಟ್ಟ.

*

ಗಾಡಿ ಚೆನ್ನಾಗಿತ್ತು. ಗೇರು ಸ್ವಲ್ಪ ಬಿಗಿ. ಪಿ.ಬಿ. ರಸ್ತೆಗೆ ಬಂದ ಮೇಲೆ ಮೊದಲ ಕುಣಿಗೆ ಗಾಡಿ ಎದ್ದುಬಿದ್ದಾಗ ಕನ್ನಡಿಯಲ್ಲಿ ನೋಡಿದ. ಬಾಳೆಹಣ್ಣು ಎಡಕ್ಕೆ ಜಾರಿ ಪಟ್ಟಿಗೆ ತಾಗಿ ನಿಂತಿತ್ತು. ಆಮೇಲೆ ನಿಧಾನ ಮಾಡಿದ. ಕುಣಿ ಕಂಡಲ್ಲೆಲ್ಲ ಬ್ರೇಕು ಒತ್ತಿ, ಒಂದು ಗಾಲಿ ಇಳಿಸಿ, ಇನ್ನೊಂದನ್ನು ಇಳಿಸಿ ದಾಟಿಸಿದ. ಹಿಂದೆ ಲಾರಿಯೊಂದು ಬಹಳ ಹೊತ್ತು ಹಾರ್ನ್ ಹೊಡೆದು ಕೊನೆಗೆ ಪಕ್ಕಕ್ಕೆ ಬಂತು. ಡ್ರೈವರ್ ತಲೆ ಹೊರಗೆ ಹಾಕಿದ.

“ಏನ್ ಯಜಮಾನ್ರೆ, ಒಳಗ ತತ್ತಿ ತುಂಬ್ಕಂಡು ಹೊಂಟೀರೇನು?”

“ಇಲ್ಲಪ್ಪ, ಖಾಲಿ.”

“ಖಾಲಿಗೇ ಹಿಂಗಾದ್ರ, ತುಂಬಿದ ದಿನ ಎತ್ತು ಕಟ್ಟಿ ಎಳಸ್ತೀರಿ ಬಿಡ್ರಿ!” ಲಾರಿ ಮುಂದೆ ಹೋಯಿತು.

ದಾವಣಗೆರೆಯಲ್ಲಿ ಮಂಡಿಪೇಟೆಯ ಕಡೆ ತಿರುಗದೆ ಡೀಸೆಲ್ ಹಾಕಿಸಿಕೊಂಡು ಹದಡಿ ರಸ್ತೆ ಹಿಡಿದ. ಆ ರಸ್ತೆಯ ಕುಣಿಗಳು ಆತನಿಗೆ ಬಾಯಿಪಾಠ. ಯಾವುದರಲ್ಲಿ ಆಕೆ ಹಲ್ಲು ಕಚ್ಚುತ್ತಿದ್ದಳು, ಯಾವುದರಲ್ಲಿ ತನ್ನ ಪಂಚೆ ಹಿಡಿಯುತ್ತಿದ್ದಳು ಎಲ್ಲ ಗೊತ್ತು. ಒಂದನ್ನೂ ಬಿಡದೆ ಹಾಗೆಯೇ ದಾಟಿಸಿದ.

ಊರು ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆ ಪಕ್ಕದಲ್ಲೇ ಆತನ ಗದ್ದೆ. ಬದುವಿನ ಬೇವಿನ ಮರದ ಕೆಳಗೆ ಗುರುಶಾಂತಮ್ಮನ ಸಮಾಧಿಯ ಮಣ್ಣು ಒಣಗಿ ಬಿಳಿಚಿಕೊಂಡಿತ್ತು. ತೋಟಪ್ಪ ಗಾಡಿ ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ತೆಗೆದ. ಗದ್ದೆಗೆ ನೀರು ತಿರುವುತ್ತಿದ್ದ ಗಿಡ್ಡಪ್ಪ ಸನಿಕೆ ಹೆಗಲಿಗಿಟ್ಟುಕೊಂಡು ಬಂದ.

“ತಂದ್ರಾ?”

“ಹೂಂ.”

“ವಾಣಕ್ಕಾರು ಬಕ್ಕೇಶಣ್ಣಾರು ಬೈತಾರೆ ನೋಡ್ರಿ ನಿಮಗ.”

“ಬೈಲಿ.”

ಗಿಡ್ಡಪ್ಪ ಮೆಟ್ಟಿಲು ಮುಟ್ಟಿ ನೋಡಿದ. ಸೀಟು ನೋಡಿದ, ಬಲಗಡೆಯ ಹಿಡಿ ನೋಡಿದ, ಕುಬಸದ ಕಣ ನೋಡಿದ. ಆಮೇಲೆ ತಲೆಯ ವಸ್ತ್ರ ಬಿಚ್ಚಿ ಅದರ ಚುಂಗಿನಿಂದ ಸುತಳಿ ತೆಗೆದ.

“ಅವತ್ತೇ ಕೊಡಾಕ ಮರ್ತಿದ್ದೆ ಗೌಡ್ರೆ. ಒಗ್ಯಾಕ ಮನಸ್ಸು ಬರ್ಲಿಲ್ಲ.”

ಮೇಲಿನ ಗಂಟಿಗೆ ಕೆಂಪು ಮಣ್ಣು ಹತ್ತಿಕೊಂಡಿತ್ತು. ಕೆಳಗಿನ ಗಂಟು ಶುಭ್ರವಾಗಿತ್ತು. ತೋಟಪ್ಪ ಮೆಟ್ಟಿಲು ಹತ್ತಿ, ಬಾಳೆಹಣ್ಣು ಕಣ ಪಕ್ಕಕ್ಕೆ ಸರಿಸಿ, ಸುತಳಿಯ ತುದಿಯನ್ನು ಸೀಟಿನ ಮೇಲೆ ಒತ್ತಿ ಹಿಡಿದು ನೇರ ಎತ್ತಿದ. ಕೆಳಗಿನ ಗಂಟು ಕಿಟಕಿಯ ಗಾಜಿಗೆ ಬಂದು ನಿಂತಿತು. ಅಂಚಿಗಿಂತ ನಾಲ್ಕು ಬೆರಳು ಮೇಲೆ.

ಆತ ಬಗ್ಗಿ, ಗಂಟಿನ ಪಕ್ಕಕ್ಕೆ ಕಣ್ಣು ತಂದು ಹೊರಗೆ ನೋಡಿದ.

“ಕಾಣ್ತೈತೇನ್ರಿ?” ಗಿಡ್ಡಪ್ಪ ಹೊರಗಿನಿಂದ ಕೇಳಿದ.

“ಕಾಣ್ತೈತೆ.”

“ಏನು?”

“ಗದ್ದೆ. ನೀರು ಹೊಂಟೈತೆ. ಎರಡನೇ ಮಡಿ ಒಡದೈತೆ ನೋಡು, ಕಟ್ಟು ಹೋಗು.”

ಗಿಡ್ಡಪ್ಪ ತಿರುಗಿ ನೋಡಿದ. ಒಡೆದಿತ್ತು. ಸನಿಕೆ ಹಿಡಿದು ಬದುವಿಗೆ ಇಳಿದ. ತೋಟಪ್ಪ ಅದೇ ಎತ್ತರದಲ್ಲಿ ಬಗ್ಗಿಕೊಂಡೇ, ಅವನು ಮಣ್ಣು ಹಾಕಿ ನೀರು ನಿಲ್ಲಿಸುವವರೆಗೂ ನೋಡುತ್ತಿದ್ದ.